ಕಾಲೊರಾಡೋ ನದಿಯನ್ನಿಳಿದ ಮೇಜರ್ ಪೊವೆಲರು

ಗತಿಸಿಹೋದ ಹಿರಿಯರೊಬ್ಬರ ಚರಿತ್ರೆಯನ್ನು ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆಯುವುದು ವಾಡಿಕೆಯಾಗಿದೆ. ಈ ಸಾರಿ ನಾನು ಆರಿಸಿಕೊಂಡವರು ಜಾನ್ ವೆಸ್ಲಿ ಪೊವೆಲರು. ಭೂಗೋಳದ ಪಾಠದಲ್ಲಿ ಅಮೇರಿಕದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರದ ಚಿತ್ರವನ್ನು ನೋಡಿದ ಪೂರ್ವ ವಿದ್ಯಾರ್ಥಿನಿಯರು ನಮ್ಮಲ್ಲಿ ಅನೇಕರುಂಟು. ಒಂದು ಮೈಲಿಗೂ ಮಿಕ್ಕಿ ಆಳವುಳ್ಳ ಆ ಕಂದರದ ತಳದಲ್ಲಿ ಹರಿಯುವ ನದಿಯನ್ನು, ಒಂದೇ ಕೈಯುಳ್ಳ ಒಬ್ಬ ಉಪಾಧ್ಯಾಯರು ದೋಣಿಗಳಲ್ಲಿ ಇಳಿದು ಲೋಕಕ್ಕೆ ತಿಳಿಯಪಡಿಸಿದರೆಂಬುದನ್ನು ಬಲ್ಲವರು ಕೆಲವರೇ. ಅವರ ಧೈರ್ಯವು ದೊಡ್ಡದು. ಆದರೆ ಅದಕ್ಕಿಂತ ದೊಡ್ಡದಾದ ಒಂದು ಗುಣವು ಅವರಲ್ಲಿತ್ತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಪೊವೆಲರು 1834ನೆಯ ಮಾರ್ಚ್ 24ರಂದು ನ್ಯೂಯಾರ್ಕ್ ಸಂಸ್ಥಾನದ ಮೌಂಟ್ ಮಾರಿಸ್ ಎಂಬ ಊರಿನಲ್ಲಿ ಜನಿಸಿದರು. ತಂದೆಯಾದ ಜೋಸೆಫ್ ಪೊವೆಲರು ಇಂಗ್ಲೆಂಡಿನಿಂದ ಬಂದು ನೆಲೆಸಿದ ಮೆಥಡಿಸ್ಟ್ ಬೋಧಕರು. ಆ ಪಂಥದ ಸ್ಥಾಪಕರ ಹೆಸರನ್ನೇ ಮಗನಿಗಿಟ್ಟರು. ಗುಲಾಮಗಿರಿಯು ಪಾಪವೆಂದು ತಂದೆಯು ಬಹಿರಂಗವಾಗಿ ಸಾರುತ್ತಿದ್ದುದರಿಂದ, ಒಹಾಯೋ ಸಂಸ್ಥಾನದ ಜಾಕ್ಸನ್ ಎಂಬ ಊರಿನಲ್ಲಿ ಬಾಲಕನು ಶಾಲೆಯ ಸಂಗಡಿಗರ ಪೀಡೆಗೆ ಗುರಿಯಾಗಬೇಕಾಯಿತು. ಆಗ ಅವನನ್ನು ಶಾಲೆಯಿಂದ ಬಿಡಿಸಿ, ನೆರೆಯ ಜಾರ್ಜ್ ಕ್ರೂಕಮ್ ಎಂಬ ವೃದ್ಧರ ಬಳಿಯಲ್ಲಿ ಓದಿಗೆ ಬಿಟ್ಟರು. ಈ ಗುರುವು ಹುಡುಗನನ್ನು ಕಾಡಿಗೂ ಹೊಳೆಯ ದಂಡೆಗೂ ಕರೆದೊಯ್ದು ಕಲ್ಲು, ಗಿಡ, ಚಿಪ್ಪುಗಳ ಪರಿಚಯವನ್ನು ಮಾಡಿಸಿದನು. ಪುಸ್ತಕದಲ್ಲಿ ಓದಿದುದನ್ನು ಕಣ್ಣಿನಿಂದ ನೋಡಿ ಒರೆಹಚ್ಚುವ ಅಭ್ಯಾಸವು ಅಲ್ಲಿಯೇ ಬೇರೂರಿತು. ದೊಡ್ಡವರಾದ ಮೇಲೆ ಪೊವೆಲರು ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುತ್ತ, ಬಿಡುವಿನ ಕಾಲದಲ್ಲಿ ಚಿಕ್ಕ ದೋಣಿಯನ್ನು ತೆಗೆದುಕೊಂಡು 1856ರಲ್ಲಿ ಮಿಸಿಸಿಪ್ಪಿ ನದಿಯನ್ನೂ ಮರುವರ್ಷ ಒಹಾಯೋ ನದಿಯನ್ನೂ ಇಳಿದರು.

1861ರಲ್ಲಿ ಅಂತರ್ಯುದ್ಧವು ಮೊದಲಾಗಲು ಪೊವೆಲರು ಗುಲಾಮಗಿರಿಯ ವಿರೋಧಿಗಳ ಪಕ್ಷದ ಸೈನ್ಯವನ್ನು ಸೇರಿದರು. ಅದೇ ವರ್ಷ ಎಮ್ಮಾ ಡೀನ್ ಎಂಬ ಕನ್ಯೆಯನ್ನು ವಿವಾಹವಾದರು. 1862ನೆಯ ಏಪ್ರಿಲ್ 6ರಂದು ಶೈಲೋ ಎಂಬಲ್ಲಿ ನಡೆದ ಕಾಳಗದಲ್ಲಿ ಗುಂಡು ತಗಲಿ, ಅವರ ಬಲಗೈಯನ್ನು ಮೊಳಕೈಯ ಕೆಳಗೆ ಕತ್ತರಿಸಬೇಕಾಯಿತು. ಗಾಯವು ಮಾಯ್ದರೂ ನೋವು ಬಹುಕಾಲ ಬಿಡಲಿಲ್ಲ. ಹಾಗಿದ್ದರೂ ಅವರು ಸೈನ್ಯಕ್ಕೆ ಹಿಂದಿರುಗಿ ಮೇಜರ್ ಪದವಿಗೇರಿದರು. ಯುದ್ಧವು ಮುಗಿದ ಮೇಲೆ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಅಧ್ಯಾಪಕರಾದರು. 1867ರಲ್ಲಿ ವಿದ್ಯಾರ್ಥಿಗಳನ್ನು ಕೂಡಿಕೊಂಡು ಅವರು ಕಾಲೊರಾಡೋ ಪ್ರಾಂತ್ಯದ ರಾಕಿ ಪರ್ವತಗಳಿಗೆ ಹೋದಾಗ ಎಮ್ಮಾ ಅವರೂ ಜೊತೆಗೆ ಹೋಗಿ ಪೈಕ್ಸ್ ಶಿಖರವನ್ನೇರಿದರು. ಆ ಪರ್ವತಗಳಲ್ಲಿ ಹುಟ್ಟಿ ಮರುಭೂಮಿಯ ಕಂದರಗಳಲ್ಲಿ ಮರೆಯಾಗುವ ನದಿಯ ದಾರಿಯನ್ನು ಪೂರ್ಣವಾಗಿ ತಿಳಿಯಬೇಕೆಂಬ ಹಂಬಲವು ಪೊವೆಲರಲ್ಲಿ ಹುಟ್ಟಿದುದು ಆ ಕಾಲದಲ್ಲಿಯೇ. ಅಂದಿನ ಭೂಪಟದಲ್ಲಿ ಆ ಭಾಗವು ಬರಿದಾಗಿಯೇ ಇತ್ತು.

ಮುಂದಿನ ಕಥೆಯು ತಿಳಿಯಬೇಕಾದರೆ ಆ ನದಿಯ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹೊಳೆಗಳು ಮುಂಗಾರು ಮಳೆಯಿಂದ ತುಂಬುತ್ತವೆ. ಕಾಲೊರಾಡೋ ನದಿಗೂ ಅದನ್ನು ಸೇರುವ ಗ್ರೀನ್ ನದಿಗೂ ನೀರು ಮುಖ್ಯವಾಗಿ ಪರ್ವತಗಳ ಹಿಮದಿಂದ ಬರುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಹಿಮವು ಕರಗಿ ನದಿಯು ಉಕ್ಕುವುದು. ಬೇಸಗೆಯು ಕಳೆದಂತೆ ಇಳಿಯುವುದು. ಜುಲೈಯಿಂದ ಸೆಪ್ಟೆಂಬರಿನವರೆಗೆ ಗುಡುಗುಮಳೆಗಳು ಬಂದಾಗ ಪಕ್ಕದ ಕೊರಕಲುಗಳಿಂದ ಕೆಂಪು ಕೆಸರುನೀರು ನುಗ್ಗಿ ನದಿಯು ಒಮ್ಮೆಲೇ ಏರುವುದು. ಸೆಕೆಂಡಿಗೆ ಒಂದು ಘನ ಅಡಿಯಷ್ಟು ಹರಿಯುವ ನೀರನ್ನು ಕ್ಯೂಸೆಕ್ ಎಂದು ಎಣಿಸುವರಷ್ಟೆ. ಅಣೆಕಟ್ಟುಗಳು ಬರುವ ಮುಂಚೆ ಮಹಾಕಂದರದಲ್ಲಿ ಹಿಮ ಕರಗುವ ಕಾಲದ ಪ್ರವಾಹವು 80,000 ಕ್ಯೂಸೆಕ್ಕನ್ನು ದಾಟುವುದು ಸಾಮಾನ್ಯವಾಗಿತ್ತು. ಚಳಿಗಾಲದಲ್ಲಿ ಅದೇ ನದಿಯು ಕೆಲವೇ ಸಾವಿರ ಕ್ಯೂಸೆಕ್ಕಿಗೆ ಇಳಿಯುತ್ತಿತ್ತು.

ಈ ಏರಿಳಿತವು ದೋಣಿಯವರಿಗೆ ಜೀವನ್ಮರಣದ ವಿಷಯವು. ಪಕ್ಕದ ಕೊರಕಲುಗಳು ಪ್ರವಾಹಕಾಲದಲ್ಲಿ ಕೆಸರಿನೊಡನೆ ದೊಡ್ಡ ಬಂಡೆಗಳನ್ನು ಹೊತ್ತು ತಂದು ನದಿಯಲ್ಲಿ ಸುರಿಯುತ್ತವೆ. ಇದರಿಂದ ನದಿಯು ಇಕ್ಕಟ್ಟಾಗಿ, ಬಂಡೆಗಳ ಮೇಲೆ ನೊರೆಗರೆಯುತ್ತ ಕೆಳಗೆ ಧುಮುಕುತ್ತದೆ. ಇಂಥ ಸ್ಥಳಕ್ಕೆ ರ‍್ಯಾಪಿಡ್ ಎಂದು ಹೆಸರು. ನೀರು ಕಡಿಮೆಯಿದ್ದಾಗ ಬಂಡೆಗಳು ಹಲ್ಲುಗಳಂತೆ ಮೇಲೆದ್ದು ನಿಲ್ಲುವುದರಿಂದ ದೋಣಿಯು ತಗಲಿ ಒಡೆಯುವ ಭಯವುಂಟು. ಆದರೆ ಹರಿವು ಸ್ವಲ್ಪ ನಿಧಾನವಾಗಿದ್ದು, ದಂಡೆಯಲ್ಲಿ ಕಾಲಿಡಲು ಸ್ಥಳವೂ ಇರುತ್ತದೆ. ನೀರು ಏರಿದಾಗ ಬಂಡೆಗಳು ಮುಳುಗುತ್ತವೆ. ಆಗ ಕೆಲವು ರ‍್ಯಾಪಿಡ್‌ಗಳು ಇದ್ದವೋ ಇಲ್ಲವೋ ಎಂಬಷ್ಟು ಸೌಮ್ಯವಾಗುತ್ತವೆ. ಬೇರೆ ಕೆಲವುಗಳಲ್ಲಿ ಮುಳುಗಿದ ಬಂಡೆಯ ಹಿಂದೆ ನೀರು ಗುಂಡಿಯಾಗಿ ಬಿದ್ದು ಹಿಮ್ಮುಖವಾಗಿ ಮಗುಚಿ, ದೋಣಿಯನ್ನು ಹಿಡಿದು ಬುಡಮೇಲು ಮಾಡುತ್ತದೆ. ಗೋಡೆಗಳಂಥ ಬಂಡೆಗಳ ನಡುವೆ ದಂಡೆಯೂ ಮುಳುಗಿಹೋಗುವುದರಿಂದ ನಿಲ್ಲಬೇಕೆಂದವರಿಗೆ ನಿಲ್ಲುವ ಎಡೆಯಿಲ್ಲ. ಆದಕಾರಣ ಮೇ ತಿಂಗಳಲ್ಲಿ ಕಂಡ ನದಿಯು ಆಗಸ್ಟಿನಲ್ಲಿ ಅದೇ ನದಿಯಲ್ಲ. ನಿನ್ನೆಯ ಸುಲಭವು ಇಂದಿನ ಗಂಡಾಂತರವಾಗಬಹುದು.

1869ನೆಯ ಮೇ 24ರಂದು ಪೊವೆಲರು ಒಂಬತ್ತು ಮಂದಿ ಸಂಗಡಿಗರೊಡನೆ ಗ್ರೀನ್ ರಿವರ್ ಎಂಬ ಊರಿನಿಂದ ಹೊರಟರು. ದೇಶವನ್ನು ಅಡ್ಡಲಾಗಿ ದಾಟುವ ರೈಲುಮಾರ್ಗವು ಪೂರ್ಣವಾಗಿ ಎರಡು ವಾರಗಳಾಗಿದ್ದವು. ಷಿಕಾಗೋ ನಗರದಲ್ಲಿ ಕಟ್ಟಿಸಿದ ನಾಲ್ಕು ದೋಣಿಗಳು ಆ ರೈಲಿನಲ್ಲಿಯೇ ಬಂದಿದ್ದವು. ಮೂರು ದೋಣಿಗಳು ಓಕ್ ಮರದವು, 21 ಅಡಿ ಉದ್ದ; ಪೊವೆಲರು ಮುಂದಾಗಿ ಹೋಗುತ್ತಿದ್ದ ನಾಲ್ಕನೆಯದು ಪೈನ್ ಮರದ್ದು, 16 ಅಡಿ ಉದ್ದ, ಹಗುರ. ಅದಕ್ಕೆ ತಮ್ಮ ಪತ್ನಿಯ ಹೆಸರನ್ನಿಟ್ಟಿದ್ದರು. ಹತ್ತು ತಿಂಗಳಿಗೆ ಸಾಕಾಗುವ ಆಹಾರವನ್ನು ದೋಣಿಗಳಲ್ಲಿ ಹಂಚಿಟ್ಟಿದ್ದರು. ಮುಂದಿನ ದೋಣಿಯಿಂದ ಅಪಾಯವನ್ನು ನೋಡಿ ಬಾವುಟದ ಸನ್ನೆಯಿಂದ ಹಿಂದಿನವರಿಗೆ ತಿಳಿಸುವುದು, ಅವರು ದಂಡೆಗೆ ಸೇರುವುದು, ಕಠಿನವಾದೆಡೆಯಲ್ಲಿ ದೋಣಿಗಳನ್ನು ಹಗ್ಗದಿಂದ ಮೆಲ್ಲಗೆ ಇಳಿಸುವುದು ಅಥವಾ ಸಾಮಾನುಗಳೊಡನೆ ಹೊತ್ತು ದಾಟಿಸುವುದು: ಇದೇ ಅವರ ಕ್ರಮವಾಗಿತ್ತು.

ಈ ಕ್ರಮವು ನಿಲ್ಲಲು ದಂಡೆಯಿರುವ ತನಕ ಮಾತ್ರ ನಡೆಯತಕ್ಕದ್ದು. ಜೂನ್ ತಿಂಗಳ ಏರುನೀರಿನಲ್ಲಿ ಲೊಡೋರ್ ಎಂಬ ಕಂದರದೊಳಗೆ ಹೋಗುತ್ತಿದ್ದಾಗ, ಹಿಂದಿನ ದೋಣಿಗಳಲ್ಲೊಂದು ಸಕಾಲಕ್ಕೆ ದಂಡೆಯನ್ನು ಸೇರಲಾರದೆ ಸೆಳೆತಕ್ಕೆ ಸಿಕ್ಕಿತು. ಬಂಡೆಗೆ ಅಪ್ಪಳಿಸಿ ಎರಡಾಗಿ ಒಡೆಯಿತು. ಅದರಲ್ಲಿದ್ದವರು ಒರಾಮೆಲ್ ಹೌಲಂಡ್, ಆತನ ತಮ್ಮ ಸೆನೆಕಾ ಮತ್ತು ಫ್ರ್ಯಾಂಕ್ ಗುಡ್‌ಮನ್. ಮೂವರೂ ನಡುನೀರಿನ ದಿಬ್ಬವೊಂದನ್ನು ಹತ್ತಿ ಉಳಿದರು. ಸಂಗಡಿಗನಾದ ಸಮ್ನರ್ ಹಗುರ ದೋಣಿಯಲ್ಲಿ ಹೋಗಿ ಅವರನ್ನು ಕರೆತಂದನು. ಆದರೆ ಆಹಾರದ ದೊಡ್ಡ ಪಾಲೂ ಬಟ್ಟೆಬರೆಗಳೂ ನೀರುಪಾಲಾದವು. ಎತ್ತರವನ್ನಳೆಯುವ ವಾಯುಭಾರಮಾಪಕಗಳು ಒಡೆದ ದೋಣಿಯಲ್ಲಿಯೇ ದೊರೆತಾಗ ಪೊವೆಲರಿಗೆ ಆದ ಆನಂದವು ಅಷ್ಟಿಷ್ಟಲ್ಲ. ಆ ಸ್ಥಳಕ್ಕೆ ವಿಪತ್ತಿನ ಜಲಪಾತವೆಂದು ಹೆಸರಾಯಿತು.

ಕೆಲವು ದಿನಗಳ ಮೇಲೆ ಪೊವೆಲರು ಅಳತೆಗಾಗಿ ಕಡಿದಾದ ಬಂಡೆಯೊಂದನ್ನು ಹತ್ತುತ್ತಿದ್ದಾಗ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಇಳಿಯಲಾರದೆ ಒಂಟಿಕೈಯಲ್ಲಿ ಜೋತು ನಿಂತರು. ಮೇಲಿದ್ದ ಬ್ರ್ಯಾಡ್ಲಿ ಎಂಬವನ ಬಳಿ ಹಗ್ಗವಿರಲಿಲ್ಲ. ಅವನು ಕೂಡಲೆ ತನ್ನ ಒಳಚಲ್ಲಣವನ್ನು ಕಳಚಿ ಕೆಳಗಿಳಿಬಿಟ್ಟನು. ಪೊವೆಲರು ಬಂಡೆಯನ್ನು ಬಿಟ್ಟು ಅದನ್ನು ಹಿಡಿದುಕೊಂಡು ಮೇಲೆ ಬಂದರು. ಮುಖಂಡನಾದವನು ಸಂಗಡಿಗರ ಕೈಯಲ್ಲಿ ಬದುಕುವವನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕೇ?

ಜುಲೈಯಲ್ಲಿ ಗುಡ್‌ಮನ್ ತಂಡವನ್ನು ಬಿಟ್ಟನು. ಉಳಿದವರು ಒಂಬತ್ತು ಮಂದಿ. ಆಗಸ್ಟ್ ತಿಂಗಳ ನಡುವೆ ಅವರು ಮಹಾಕಂದರದ ಕರಿಶಿಲೆಯ ಕಣಿವೆಯನ್ನು ಹೊಕ್ಕರು. ಹಿಟ್ಟು ಮುಗ್ಗಲು ಹಿಡಿದಿತ್ತು, ಮಾಂಸವು ಕೆಟ್ಟಿತ್ತು. ಒಣಗಿಸಿದ ಸೇಬೂ ಕಾಫಿಪುಡಿಯೂ ಸ್ವಲ್ಪ ಉಳಿದಿದ್ದವು. ಮಳೆಗಳು ಬಂದು ನೀರು ಕದಡಿತು. ಕೆಸರುನೀರಿನೊಳಗೆ ಬಂಡೆಯೆಲ್ಲಿದೆಯೆಂದು ಕಣ್ಣಿಗೆ ಕಾಣದಾಯಿತು. ಅಲೆಯ ಆಕಾರದಿಂದಲೇ ಊಹಿಸಬೇಕಾಯಿತು. ಆಹಾರವು ಕಡಿಮೆಯಾದುದರಿಂದ ನೀರಿಳಿಯುವವರೆಗೆ ಕಾದು ಕುಳಿತುಕೊಳ್ಳುವ ಸ್ವಾತಂತ್ರ್ಯವೂ ತಪ್ಪಿತು.

ಆಗಸ್ಟ್ 27ರಂದು ಅವರ ಎದುರಿಗೆ ಬಂದ ರ‍್ಯಾಪಿಡ್ ಎಲ್ಲವುಗಳಿಗಿಂತಲೂ ಭಯಂಕರವಾಗಿ ತೋರಿತು. ಹೊತ್ತು ದಾಟಿಸಲು ದಂಡೆಯಿರಲಿಲ್ಲ. ಅಂದು ರಾತ್ರಿ ಒರಾಮೆಲ್ ಹೌಲಂಡನು ಪೊವೆಲರನ್ನು ಕಂಡು, ತಾನೂ ತಮ್ಮನೂ ವಿಲಿಯಂ ಡನ್ ಎಂಬವನೂ ಮುಂದೆ ಬರಲಾರೆವೆಂದು ತಿಳಿಸಿದನು. ಹಿಂದೆ ದೋಣಿಯೊಡೆದು ಸಾವಿನ ಬಾಯಿಂದ ಬಂದವನು ಅವನು. ಅವನ ಭಯವನ್ನು ಹೇಡಿತನವೆಂದು ಹೀಗಳೆಯುವುದು ನ್ಯಾಯವಲ್ಲ. ಪೊವೆಲರು ನಕ್ಷತ್ರಗಳನ್ನು ನೋಡಿ ದೂರವನ್ನು ಲೆಕ್ಕಹಾಕಿ, ಮರಳಿನ ಮೇಲೆ ರಾತ್ರಿಯೆಲ್ಲ ಅತ್ತಿಂದಿತ್ತ ನಡೆದಾಡಿದರು. ಕೊನೆಗೆ ಮುಂದುವರಿಯಬೇಕೆಂದೇ ನಿಶ್ಚಯಿಸಿದರು. ಬೆಳಗಾದ ಮೇಲೆ ಮೂವರೂ ಬಂದೂಕುಗಳನ್ನು ತೆಗೆದುಕೊಂಡು ಬೀಳ್ಕೊಂಡರು. ಹೋಗುವ ಮುಂಚೆ ದೋಣಿಗಳನ್ನು ಬಂಡೆಯ ಮೇಲಿಂದ ದಾಟಿಸಲು ತಾವೇ ಕೈಗೊಟ್ಟರು. ಒಬ್ಬರನ್ನೊಬ್ಬರು ಸಾವಿಗೆ ಹೋಗುವವರೆಂದು ತಿಳಿದು ಕಣ್ಣೀರಿಟ್ಟರು. ಎಮ್ಮಾ ಡೀನ್ ದೋಣಿಯನ್ನು ಅಲ್ಲಿಯೇ ಬಿಟ್ಟು, ಆರು ಮಂದಿ ಎರಡು ದೋಣಿಗಳಲ್ಲಿ ನೀರಿಗಿಳಿದರು. ಕೆಲವು ನಿಮಿಷಗಳಲ್ಲಿಯೇ ಎರಡೂ ಕ್ಷೇಮವಾಗಿ ಕೆಳಗೆ ಬಂದವು! ಮೇಲಿನವರನ್ನು ಕರೆಯಲು ಬಂದೂಕು ಹಾರಿಸಿ ಬಹಳ ಹೊತ್ತು ಕಾದರು, ಅವರು ಬರಲಿಲ್ಲ.

ಆಗಸ್ಟ್ 30ರಂದು ಆರು ಮಂದಿಯೂ ವರ್ಜಿನ್ ನದಿಯ ಸಂಗಮವನ್ನು ತಲಪಿದರು. ಕಂದರವನ್ನು ಹತ್ತಿಹೋದ ಮೂವರು ಜೀವದಿಂದ ಊರು ಸೇರಲಿಲ್ಲ. ಮರುವರ್ಷ ಪೊವೆಲರು ಆ ಪ್ರಸ್ಥಭೂಮಿಗೆ ಹೋಗಿ ಅಲ್ಲಿಯ ಶಿವ್‌ವಿಟ್ಸ್ ಜನರನ್ನು ವಿಚಾರಿಸಲು, ಬೇರೆಯವರೆಂದು ತಪ್ಪು ತಿಳಿದು ತಾವೇ ಕೊಂದುದಾಗಿ ಅವರು ಹೇಳಿದರೆಂದು ಬರೆದಿದ್ದಾರೆ. ಈ ವಿಷಯದಲ್ಲಿ ಚರಿತ್ರಕಾರರಿಗೆ ಇಂದಿಗೂ ಏಕಾಭಿಪ್ರಾಯವಿಲ್ಲ. ಇನ್ನೆರಡು ದಿನಗಳ ದಾರಿಯಷ್ಟೇ ಉಳಿದಿತ್ತೆಂಬುದನ್ನು ನೆನೆದರೆ ಮನಸ್ಸು ಮರುಗುತ್ತದೆ. ಆದರೆ ಮುಂದಿನದನ್ನು ಬಲ್ಲ ನಾವು ಅವರಿಗೆ ತೀರ್ಪು ಕೊಡುವುದು ಸುಲಭ. ಆ ದಂಡೆಯಲ್ಲಿ ನಿಂತವರಿಗೆ ಕಾಣುತ್ತಿದ್ದುದು ನೀರೊಂದೇ.

ದೇಶವೆಲ್ಲ ಪೊವೆಲರನ್ನು ಕೊಂಡಾಡಿತು. ಆದರೆ ನಾನು ಆಗಲೇ ಸೂಚಿಸಿದ ಗುಣವು ಕಾಣುವುದು ಎರಡನೆಯ ಪ್ರಯಾಣದಲ್ಲಿ. 1871ರಲ್ಲಿ ಅವರು ಅಳತೆಗಾರರನ್ನೂ ಛಾಯಾಚಿತ್ರಗಾರನನ್ನೂ ಕೂಡಿಕೊಂಡು ಪುನಃ ಹೊರಟರು. ಈ ಸಾರಿ ದೋಣಿಯ ಮೇಲೆ ಒಂದು ಕುರ್ಚಿಯನ್ನು ಕಟ್ಟಿಸಿ, ಅದರ ಮೇಲೆ ಕುಳಿತು ಮುಂದಿನ ನೀರನ್ನು ನೋಡುತ್ತಿದ್ದರು. 1872ನೆಯ ಆಗಸ್ಟಿನಲ್ಲಿ ಮಹಾಕಂದರವನ್ನು ಹೊಕ್ಕಾಗ ನದಿಯು ಮೊದಲಿನ ಸಾರಿಗಿಂತ ಹೆಚ್ಚು ತುಂಬಿತ್ತು. ಪೂರ್ವದಲ್ಲಿ ದೋಣಿಗಳನ್ನು ಹಗ್ಗದಿಂದ ಇಳಿಸಿದ ದಂಡೆಗಳು ನೀರೊಳಗಾಗಿದ್ದವು. ಹಿಂದೆ ಬರೆದಿಟ್ಟ ಅನುಭವವು ಅನೇಕ ಕಡೆ ಪ್ರಯೋಜನಕ್ಕೆ ಬಾರದಾಯಿತು. ಸೆಪ್ಟೆಂಬರ್ ಮೊದಲಲ್ಲಿ ಅವರ ದೋಣಿಯು ಮಗುಚಿ ಪೊವೆಲರೂ ಸುಳಿಯೊಳಗೆ ಬಿದ್ದರು. ಗಾಳಿ ತುಂಬಿದ ಜೀವರಕ್ಷಕವನ್ನು ತೊಟ್ಟುಕೊಂಡಿದ್ದುದರಿಂದ ಪಾರಾದರು. ಕೆಲವು ದಿನಗಳಲ್ಲಿ ಕನಾಬ್ ಎಂಬ ಹಳ್ಳದ ಬಾಯಿಗೆ ಬಂದಾಗ, ಆಹಾರವನ್ನು ತಂದಿದ್ದ ಸವಾರರು ಅಲ್ಲಿ ಕಾದಿದ್ದರು. ಕಂದರದ ಮುಂದಿನ ಭಾಗವು ಹಾಗೆಯೇ ಉಳಿದಿತ್ತು, ನೀರು ಇಳಿಯುವಂತಿರಲಿಲ್ಲ. ಮೇಲಿನ ಪ್ರದೇಶದಲ್ಲಿ ಕಲಹದ ಭಯವಿದೆಯೆಂಬ ವರ್ತಮಾನವೂ ಬಂದಿತ್ತು. ಪೊವೆಲರು ಅಲ್ಲಿಗೇ ಪ್ರಯಾಣವನ್ನು ನಿಲ್ಲಿಸಿದರು. ಸಂಗಡಿಗರು ದೋಣಿಗಳನ್ನು ಬಿಟ್ಟು ಹಳ್ಳದ ದಾರಿಯಿಂದ ಮೇಲೆ ಬಂದರು. ಯಾರೂ ಸಾಯಲಿಲ್ಲ.

ಒಂದು ಸಾರಿ ಜಯಿಸಿದ ನದಿಯೆದುರು ಎರಡನೆಯ ಸಾರಿ ತಲೆಬಾಗುವುದು ಹೆಸರುವಾಸಿಯಾದವನಿಗೆ ಎಷ್ಟು ಕಷ್ಟ! ಮೊದಲನೆಯ ಸಾರಿ ಮುಂದುವರಿದುದು ಧೈರ್ಯವಾದರೆ, ಎರಡನೆಯ ಸಾರಿ ನಿಂತುದು ವಿವೇಕವು. ತನ್ನ ಶಕ್ತಿಯನ್ನಲ್ಲ, ಅಂದಿನ ನೀರನ್ನು ಅಳೆದು ನಿಶ್ಚಯಿಸುವ ಈ ಗುಣವನ್ನೇ ನಾನು ದೊಡ್ಡದೆಂದೆನು.

ಪೊವೆಲರಲ್ಲಿಯೂ ದೋಷವಿಲ್ಲದಿರಲಿಲ್ಲ. 1875ರಲ್ಲಿ ಪ್ರಕಟವಾದ ವರದಿಯಲ್ಲಿ ಎರಡನೆಯ ಪ್ರಯಾಣದ ಕೆಲವು ಸಂಗತಿಗಳನ್ನು ಮೊದಲನೆಯದರಲ್ಲಿಯೇ ಸೇರಿಸಿ, ಎರಡನೆಯ ಸಾರಿ ದುಡಿದವರ ಹೆಸರುಗಳನ್ನು ಬಿಟ್ಟುಬಿಟ್ಟರು. ಆ ತಂಡದಲ್ಲಿ ಬಾಲಕನಾಗಿದ್ದ ಡೆಲೆನ್‌ಬಾ ಎಂಬವನು ದೊಡ್ಡವನಾದ ಮೇಲೆ ಪುಸ್ತಕವನ್ನು ಬರೆದು ಈ ಕೊರತೆಯನ್ನು ತುಂಬಿದನು. ಜೊತೆಗೆ ದುಡಿದವರಿಗೆ ಸಲ್ಲತಕ್ಕ ಮಾನವನ್ನು ಸಲ್ಲಿಸದಿರುವುದು ಮಹನೀಯರಲ್ಲಿಯೂ ಒಪ್ಪುವ ಮಾತಲ್ಲ.

ನದಿಯಲ್ಲಿ ಕಲಿತುದನ್ನು ಪೊವೆಲರು ಜೀವಮಾನವೆಲ್ಲ ಮರೆಯಲಿಲ್ಲ. 1878ರಲ್ಲಿ ಪಶ್ಚಿಮದ ಒಣಪ್ರದೇಶಗಳ ವಿಷಯವಾಗಿ ವರದಿಯನ್ನೊಪ್ಪಿಸಿ, ಅಲ್ಲಿ ಭೂಮಿಗಿಂತ ನೀರೇ ದುರ್ಲಭವೆಂದು ತೋರಿಸಿಕೊಟ್ಟರು. 1881ರಿಂದ 1894ರವರೆಗೆ ಸರಕಾರದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದರು. ಅವರ ಆಡಳಿತದಲ್ಲಿ, 1889ರಲ್ಲಿ, ನ್ಯೂಮೆಕ್ಸಿಕೋದ ಎಂಬುಡೋ ಎಂಬಲ್ಲಿ ನದಿಯ ಹರಿವನ್ನು ಪ್ರತಿದಿನವೂ ಅಳೆಯುವ ಆ ಇಲಾಖೆಯ ಮೊದಲನೆಯ ಠಾಣೆಯು ಸ್ಥಾಪಿತವಾಯಿತು. 1893ರಲ್ಲಿ ಲಾಸ್ ಏಂಜಲಿಸಿನ ನೀರಾವರಿ ಸಮ್ಮೇಲನದಲ್ಲಿ, ಇರುವ ಭೂಮಿಗೆಲ್ಲ ಸಾಕಾಗುವಷ್ಟು ನೀರು ಆ ದೇಶದಲ್ಲಿಲ್ಲವೆಂದು ಅವರು ಹೇಳಲು ಸಭಿಕರು ಕೂಗಾಡಿ ಅವಮಾನಿಸಿದರು. ಅಪ್ರಿಯವಾದ ಸತ್ಯವನ್ನು ಹೇಳಿದ ತಂದೆಯ ಮಗನಿಗೆ ಇದು ಹೊಸತಾಗಿರಲಿಲ್ಲ. 1902ನೆಯ ಸೆಪ್ಟೆಂಬರ್ 23ರಂದು ಮೇನ್ ಸಂಸ್ಥಾನದಲ್ಲಿ ಅವರು ತೀರಿಕೊಂಡರು. 1922ರಲ್ಲಿ ಸಂಸ್ಥಾನಗಳು ಕಾಲೊರಾಡೋ ನದಿಯ ನೀರನ್ನು ಹಂಚಿಕೊಂಡಾಗ, ನದಿಯು ಸರಾಸರಿಯಾಗಿ ಕೊಡುವುದಕ್ಕಿಂತ ಹೆಚ್ಚಾಗಿ ಹಂಚಿದರು. ಆ ತಪ್ಪಿನ ಫಲವನ್ನು ಅವರ ಮಕ್ಕಳು ಮೊಮ್ಮಕ್ಕಳು ಉಣ್ಣುತ್ತಿದ್ದಾರೆ.

1938ರಲ್ಲಿ ಎಲ್ಜಾಡಾ ಕ್ಲೋವರ್ ಮತ್ತು ಲೋಯಿಸ್ ಜಾಟರ್ ಎಂಬ ಇಬ್ಬರು ಸಸ್ಯಶಾಸ್ತ್ರಜ್ಞೆಯರು ಹಿಮ ಕರಗಿ ಏರಿದ ನೀರಿನಲ್ಲಿ ಹೊರಟು, ಗಿಡಗಳ ಮಾದರಿಗಳನ್ನು ಕೂಡಿಸುತ್ತ ಮಹಾಕಂದರವನ್ನು ದಾಟಿದರು. ಆ ಕಂದರವನ್ನು ದೋಣಿಯಲ್ಲಿ ಪೂರ್ಣವಾಗಿ ದಾಟಿದ ಮೊದಲ ಸ್ತ್ರೀಯರೆಂದು ದಾಖಲೆಯಲ್ಲಿರುವವರು ಇವರೇ. ಹೆಂಗಸರಿಗೆ ಇದು ತಕ್ಕುದಲ್ಲವೆಂದು ಹೇಳಿದವರು ಆಗ ಬಹಳ ಮಂದಿ. ನದಿಯಾದರೋ ಹೆಣ್ಣು ಗಂಡೆಂದು ಎಣಿಸದು.

ಕಂದರದ ಮೇಲ್ಭಾಗದಲ್ಲಿ 1963ರಿಂದ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ನೀರನ್ನು ತಡೆದು ನಿಲ್ಲಿಸಿದೆ. ಹಿಂದೆ ನಿಂತ ಸರೋವರಕ್ಕೆ ಪೊವೆಲರ ಹೆಸರನ್ನೇ ಇಟ್ಟಿದ್ದಾರೆ. ಈಗ ಕೆಳಗೆ ದೋಣಿಗಳಲ್ಲಿ ಹೋಗುವವರು ಹಿಮವನ್ನಲ್ಲ, ಅಣೆಕಟ್ಟು ಬಿಡುವ ನೀರನ್ನು ನೋಡಿಕೊಂಡು ಹೋಗಬೇಕು. ವಿದ್ಯುತ್ತಿನ ಬೇಡಿಕೆಯಂತೆ ನೀರು ದಿನದಿನವೂ ಏರಿಳಿಯುವುದರಿಂದ, ರಾತ್ರಿ ನೀರಂಚಿನಲ್ಲಿ ಕಟ್ಟಿದ ದೋಣಿಯು ಬೆಳಿಗ್ಗೆ ಒಣಮರಳಿನ ಮೇಲಿರುವುದುಂಟು. 1983ರ ಜೂನಿನಲ್ಲಿ ಹಿಮವು ಒಮ್ಮೆಲೇ ಕರಗಿ ಸರೋವರವು ತುಂಬಿದಾಗ 90,000 ಕ್ಯೂಸೆಕ್ಕಿಗೂ ಮಿಕ್ಕಿ ನೀರನ್ನು ಬಿಡಬೇಕಾಯಿತು. ಆ ಪ್ರವಾಹವು ಏರುತ್ತಿದ್ದಾಗ ಕ್ರಿಸ್ಟಲ್ ಎಂಬ ರ‍್ಯಾಪಿಡ್ ದೊಡ್ಡ ಯಂತ್ರದೋಣಿಗಳನ್ನೂ ಮಗುಚಿತು, ಒಬ್ಬರು ಮಡಿದರು. ಇತ್ತ 2000ದಿಂದೀಚಿನ ಬರಗಾಲದಲ್ಲಿ ಸರೋವರವು ತಗ್ಗಿ, ದಶಕಗಳ ಕಾಲ ಅದರಲ್ಲಿ ಮುಳುಗಿದ್ದ ಕೆಲವು ರ‍್ಯಾಪಿಡ್‌ಗಳು ಪುನಃ ತಲೆಯೆತ್ತಿವೆ. ನದಿಯನ್ನು ಕಟ್ಟಿದೆವೆಂದುಕೊಂಡರೂ ಅದನ್ನು ಪ್ರತಿದಿನವೂ ನೋಡಿ ತಿಳಿಯುವ ಕೆಲಸವು ತಪ್ಪಲಿಲ್ಲ.

ಈ ಶಾಲೆಯಿಂದ ಹೊರಟ ನಮ್ಮ ಹೆಣ್ಣುಮಕ್ಕಳು ದೂರದೂರದ ಊರುಗಳಲ್ಲಿ ಸಂಸಾರವನ್ನೂ ಉದ್ಯೋಗವನ್ನೂ ನಡಿಸುತ್ತಿದ್ದಾರೆ. ಧೈರ್ಯದಿಂದಿರಿ ಎಂದು ನಾವು ಉಪಾಧ್ಯಾಯಿನಿಯರು ಅವರಿಗೆ ಪದೇಪದೇ ಹೇಳಿದ್ದುಂಟು. ದಂಡೆಯಲ್ಲಿ ನಿಂತು ಇಂದಿನ ನೀರು ಎಷ್ಟೆಂದು ನೋಡಿರಿ ಎಂದು ಅಷ್ಟು ಸಾರಿ ಹೇಳಿದೆವೋ ಇಲ್ಲವೋ ಎಂಬ ಸಂದೇಹವು ನನಗುಂಟು. ಹೋಗುವ ದಿನ ಹೋಗುವುದನ್ನೂ ನಿಲ್ಲುವ ದಿನ ನಾಚದೆ ನಿಲ್ಲುವುದನ್ನೂ ಮೇಜರ್ ಪೊವೆಲರ ಚರಿತ್ರೆಯಿಂದ ಕಲಿತರೆ, ಹಿಂದೆ ಬಿಟ್ಟುಹೋದ ಆ ಪಾಠವು ಈಗಲಾದರೂ ಪೂರ್ಣವಾದೀತು.